ಪೊಲೀಸರು ಫೋನ್ ಕೇಳಿದರೆ ನೀವು ಕಾಗದ ಕೇಳಿ

ನಮ್ಮ ದೊಡ್ಡಮ್ಮನ ಮಗನದ್ದು ಒಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಒಂದು ಮಧ್ಯಾಹ್ನ ಮಫ್ತಿಯಲ್ಲಿ ಇಬ್ಬರು ಬಂದರು. ಅವನ ಪರಿಚಯದ ಒಬ್ಬ ಯಾವುದೋ ಮೋಸದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ. "ನಿನ್ನ ನಂಬರ್‌ಗೆ ಜಾಸ್ತಿ ಕಾಲ್ ಹೋಗಿದೆ, ಫೋನ್ ಕೊಡು, ಸುಮ್ನೆ ನೋಡಿ ಸಂಜೆ ವಾಪಸ್ ಕೊಡ್ತೀವಿ" ಅಂದರು. ಇವನು ಹೆದರಿ ತನ್ನ ಎರಡು ಫೋನು, ಅಂಗಡಿಯ ಲ್ಯಾಪ್‌ಟಾಪು ಎಲ್ಲ ಕೊಟ್ಟ. ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟ. ಅವರಿಂದ ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ.

ಸಂಜೆ ಹೋದರೆ "ಸಾಹೇಬ್ರು ಇಲ್ಲ". ಮರುದಿನ ಹೋದರೆ "ಬಂದೋಬಸ್ತ್‌ಗೆ ಹೋಗಿದ್ದಾರೆ". ಹೀಗೇ ಐದು ತಿಂಗಳು. ಕೊನೆಗೆ ವಕೀಲರನ್ನು ಹಿಡಿದು ಕೋರ್ಟಿಗೆ ಅರ್ಜಿ ಹಾಕಿದಾಗ ಗೊತ್ತಾಗಿದ್ದು, ಠಾಣೆಯ ದಾಖಲೆಯಲ್ಲಿ ಇದ್ದದ್ದು ಒಂದು ಫೋನು, ಒಂದು ಲ್ಯಾಪ್‌ಟಾಪು ಮಾತ್ರ. ಇನ್ನೊಂದು ಫೋನು ಯಾರ ಲೆಕ್ಕದಲ್ಲೂ ಇಲ್ಲ. ಕೊಟ್ಟಿದ್ದೆ ಅನ್ನೋದಕ್ಕೆ ಇವನ ಹತ್ತಿರ ಪುರಾವೆಯೂ ಇಲ್ಲ.

ಆ ಓಡಾಟದಲ್ಲಿ ನಾನೂ ಅವನ ಜೊತೆ ಇದ್ದೆ, ಹಾಗಾಗಿ ಕರ್ನಾಟಕ ಹೈಕೋರ್ಟಿನ 2021ರ ತೀರ್ಪೊಂದನ್ನು ಕೂತು ಓದಬೇಕಾಯಿತು. ನಾನು ವಕೀಲ ಅಲ್ಲ. ಆದರೆ ಆ ದಿನ ಅಂಗಡಿಯಲ್ಲಿ ಏನು ಕೇಳಬೇಕಿತ್ತು ಅನ್ನೋದು ಈಗ ನನಗೆ ಗೊತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ.

ತೀರ್ಪು ಯಾವುದು, ಅದು ಹೇಳಿದ್ದೇನು

ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ ಅನ್ನುವ ಪ್ರಕರಣ. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಕೊಟ್ಟ ತೀರ್ಪು. ಮಾದಕ ವಸ್ತು ಕೇಸಿನ ಆರೋಪಿಯೊಬ್ಬರು ಫೋನ್ ಮತ್ತು ಇಮೇಲಿನ ಪಾಸ್‌ವರ್ಡ್ ಕೊಡಬೇಕು, ಪಾಲಿಗ್ರಾಫ್ ಅನ್ನುವ ಸುಳ್ಳು ಪತ್ತೆ ಪರೀಕ್ಷೆಗೂ ಕೂರಬೇಕು ಅಂತ ಕೆಳಗಿನ ಕೋರ್ಟ್ ಹೇಳಿತ್ತು. ಅದನ್ನು ಪ್ರಶ್ನಿಸಿ ಅವರು ಹೈಕೋರ್ಟಿಗೆ ಹೋಗಿದ್ದರು.

ತೀರ್ಪು ಬಂದ ಹೊಸದರಲ್ಲಿ ಕೆಲವರು "ಪಾಸ್‌ವರ್ಡ್ ಕೊಡಲೇಬೇಕಂತೆ" ಅಂದರು, ಇನ್ನು ಕೆಲವರು "ವಾರಂಟ್ ಇಲ್ಲದೆ ಫೋನ್ ಮುಟ್ಟೋ ಹಾಗೇ ಇಲ್ಲವಂತೆ" ಅಂದರು. ಎರಡೂ ಅರ್ಧ ಸತ್ಯ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಅದಕ್ಕೆ ತಡೆಯಿಲ್ಲ. ಆ ಹಂತದಲ್ಲಿ ಕೊಡುವುದು ಬಿಡುವುದು ಆರೋಪಿಗೆ ಬಿಟ್ಟಿದ್ದು. ಕೊಡಲ್ಲ ಅಂದರೆ ಅಧಿಕಾರಿ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. ಸಾಕ್ಷ್ಯ ಈಗಲೇ ಅಳಿಸಿ ಹೋಗುತ್ತದೆ ಅನ್ನುವಂಥ ತುರ್ತು ಇದ್ದರೆ ವಾರಂಟ್ ಇಲ್ಲದೆ ಶೋಧಿಸಬಹುದು, ಆದರೆ ಯಾಕೆ ತುರ್ತು ಅನ್ನುವುದನ್ನು ಬರಹದಲ್ಲಿ ದಾಖಲಿಸಬೇಕು. ಕೋರ್ಟ್ ಕೂಡ ತನ್ನಷ್ಟಕ್ಕೆ ತಾನೇ "ಪಾಸ್‌ವರ್ಡ್ ಕೊಡು" ಅನ್ನುವ ಹಾಗಿಲ್ಲ. ತನಿಖಾಧಿಕಾರಿ ಅರ್ಜಿ ಹಾಕಬೇಕು, ಕಾರಣ ಹೇಳಬೇಕು.

ಹಾಗಾದರೆ ಸಂವಿಧಾನದ 20(3)ನೇ ವಿಧಿ? ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಅಂತ ಇದೆಯಲ್ಲ? ಇಲ್ಲಿ ಹೈಕೋರ್ಟ್ ಪೊಲೀಸರ ಕಡೆ ವಾಲಿತು. ಪಾಸ್‌ವರ್ಡ್ ಕೊಡುವುದು, ಬೆರಳು ಇಟ್ಟು ಲಾಕ್ ತೆಗೆಯುವುದು, ಇವು ಬೆರಳಚ್ಚು ಅಥವಾ ಕೈಬರಹದ ಮಾದರಿ ಕೊಟ್ಟ ಹಾಗೆ, ಅದು ಸಾಕ್ಷಿ ಹೇಳಿದ ಹಾಗಲ್ಲ ಅಂತು. 1961ರ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಬೆರಳಚ್ಚಿನ ಬಗ್ಗೆ ಹೇಳಿದ್ದನ್ನೇ ಇಲ್ಲಿ ಫೋನಿಗೆ ಹಚ್ಚಿದರು. ನನಗೇನೋ ಇದು ಪೂರ್ತಿ ಒಪ್ಪಿಗೆಯಾಗುವ ಮಾತಲ್ಲ. ಬೆರಳು ಎಲ್ಲರಿಗೂ ಕಾಣುತ್ತದೆ, ಪಾಸ್‌ವರ್ಡ್ ಇರುವುದು ತಲೆಯೊಳಗೆ, ಅಲ್ವಾ? 2022ರಲ್ಲಿ ದೆಹಲಿಯ ವಿಶೇಷ ಸಿಬಿಐ ಕೋರ್ಟೊಂದು ಇದೇ ಥರ ಯೋಚಿಸಿ, ಪಾಸ್‌ವರ್ಡ್ ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವ ಹಾಗಿಲ್ಲ ಅಂತು. ಆದರೆ ಅದು ಕೆಳಗಿನ ಕೋರ್ಟು. ಕರ್ನಾಟಕದ ಮ್ಯಾಜಿಸ್ಟ್ರೇಟರ ಮುಂದೆ ನಡೆಯುವುದು ನಮ್ಮ ಹೈಕೋರ್ಟಿನ ಮಾತೇ.

ವಾರಂಟ್ ಬಂದ ಮೇಲೂ ಪಾಸ್‌ವರ್ಡ್ ಕೊಡದೆ ಹಠ ಹಿಡಿದರೆ ಏನಾಗುತ್ತದೆ ಅನ್ನುವುದನ್ನೂ ತೀರ್ಪು ಹೇಳಿದೆ. ಫೋನ್ ತಯಾರಿಸಿದ ಕಂಪನಿಗೆ ಅಥವಾ ಇಮೇಲ್ ಸೇವೆ ಕೊಡುವವರಿಗೆ ತೆಗೆದುಕೊಡಿ ಅಂತ ಕೋರ್ಟ್ ಹೇಳಬಹುದು, ಪರಿಣತರ ಕೈಯಲ್ಲಿ ಲಾಕ್ ಒಡೆಸಬಹುದು. "ಇವನು ಏನೋ ಮುಚ್ಚಿಡುತ್ತಿದ್ದಾನೆ" ಅಂತ ಕೋರ್ಟ್ ನಿಮ್ಮ ವಿರುದ್ಧ ಊಹೆ ಮಾಡಿಕೊಳ್ಳುವುದಕ್ಕೂ ದಾರಿ ಇದೆ. ಹಾಗಾಗಿ ಆ ಹಂತಕ್ಕೆ ಬಂದರೆ ನಿಮ್ಮ ಬುದ್ಧಿಯ ಮೇಲೆ ನಡೆಯಬೇಡಿ, ವಕೀಲರ ಮಾತು ಕೇಳಿ.

ಪಾಲಿಗ್ರಾಫ್ ವಿಷಯದಲ್ಲಿ ಮಾತ್ರ ಹೈಕೋರ್ಟ್ ಕಡ್ಡಿ ಮುರಿದ ಹಾಗೆ ಹೇಳಿತು. ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. ಸುಮ್ಮನೆ ಕೂತಿದ್ದರೆ ಅದು ಒಪ್ಪಿಗೆ ಆಗುವುದಿಲ್ಲ. 2010ರ ಸೆಲ್ವಿ ತೀರ್ಪಿನಿಂದ ಇದು ನಡೆದು ಬಂದಿದೆ, ಅದೂ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು. ಅಷ್ಟೇ ಯಾಕೆ, 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ 9 ನ್ಯಾಯಮೂರ್ತಿಗಳ ಪೀಠ ಹೇಳಿದ ಕೇಸಿನ ಅರ್ಜಿದಾರ ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಬಾಗಿಲಿಗೆ ಬಂದಾಗ

ಮೊದಲನೆಯದಾಗಿ, ಜಗಳ ಬೇಡ. ಬಾಗಿಲು ಹಾಕಿಕೊಳ್ಳುವುದು, ಕೈ ಅಡ್ಡ ಇಡುವುದು, ಫೋನ್ ಕಿತ್ತುಕೊಂಡು ಓಡುವುದು ಇವೆಲ್ಲ ನಿಮ್ಮ ಮೇಲೆಯೇ ಕರ್ತವ್ಯಕ್ಕೆ ಅಡ್ಡಿಪಡಿಸಿದ ಇನ್ನೊಂದು ಕೇಸು ತರುತ್ತವೆ. ತಪ್ಪು ಶೋಧವಾದರೂ ಅದನ್ನು ಪ್ರಶ್ನಿಸುವ ಜಾಗ ಕೋರ್ಟು, ಮನೆಯ ಹೊಸ್ತಿಲಲ್ಲ.

ದನಿ ಏರಿಸದೆ ಮೂರು ವಿಷಯ ಕೇಳಿ. ತಾವು ಯಾವ ಠಾಣೆ, ಹೆಸರೇನು, ಐಡಿ ತೋರಿಸಿ ಸಾರ್. ಯಾವ ಕೇಸು, ಕ್ರೈಂ ನಂಬರ್ ಏನು. ವಾರಂಟ್ ಇದೆಯಾ, ಇಲ್ಲದಿದ್ದರೆ ಯಾವ ಕಲಂನಲ್ಲಿ ಶೋಧ ಮಾಡುತ್ತಿದ್ದೀರಿ. ನಮ್ಮ ಹುಡುಗ ಆ ದಿನ ಕ್ರೈಂ ನಂಬರ್ ಒಂದನ್ನು ಕೇಳಿ ಬರೆದಿಟ್ಟುಕೊಂಡಿದ್ದರೂ ಎರಡು ತಿಂಗಳ ಅಲೆದಾಟ ಉಳಿಯುತ್ತಿತ್ತು. ಅದೊಂದಿದ್ದರೆ ವಕೀಲರು ಯಾವ ಕೋರ್ಟಿಗೆ ಹೋಗಬೇಕು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಗುಟ್ಟಾಗಿ ಇಡಬೇಕಾದ ಕೆಲವು ಕೇಸು ಬಿಟ್ಟರೆ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ನಂಬರ್ ಇದ್ದರೆ ನೀವೇ ಹುಡುಕಿ ನೋಡಬಹುದು.

ವಾರಂಟ್ ಇದ್ದರೆ ಓದಿ. ಯಾವ ಜಾಗ, ಯಾವ ವಸ್ತು ಅಂತ ಅದರಲ್ಲಿ ಬರೆದಿರುತ್ತದೆ. ಸಾಧ್ಯವಾದರೆ ಫೋಟೋ ತೆಗೆದುಕೊಳ್ಳಿ.

ವಾರಂಟ್ ಇಲ್ಲ ಅಂದ ಮಾತ್ರಕ್ಕೆ ಶೋಧ ಕಾನೂನುಬಾಹಿರ ಅಂತ ಅಂದುಕೊಳ್ಳಬೇಡಿ, ಇದೇ ನಮ್ಮ ಜನ ಜಾಸ್ತಿ ಎಡವುವ ಜಾಗ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೈಕೋರ್ಟ್ ತೀರ್ಪಿನಲ್ಲಿ ಹಳೆಯ ನಂಬರ್‌ಗಳಿವೆ, ಅಲ್ಲಿ 93 ಅಂತ ಇರುವುದು ಈಗ 96, ಅದು ಸರ್ಚ್ ವಾರಂಟಿನ ಕಲಂ. ಅಲ್ಲಿನ 165 ಈಗ 185, ವಾರಂಟ್ ಇಲ್ಲದ ಶೋಧ. ಅಲ್ಲಿನ 100 ಈಗ 103, ಶೋಧ ಹೇಗೆ ನಡೆಸಬೇಕು ಅನ್ನುವುದು. 185ರಲ್ಲಿ ವಾರಂಟ್ ಇಲ್ಲದೆ ಬರಬೇಕಾದರೆ ತನಿಖೆಯಲ್ಲಿರುವ ಒಂದು ಕೇಸು ಇರಬೇಕು, ಇಂಥ ವಸ್ತು ಇಲ್ಲಿ ಸಿಗಬಹುದು, ತಡಮಾಡಿದರೆ ಕೈ ತಪ್ಪುತ್ತದೆ ಅನ್ನುವುದಕ್ಕೆ ಕಾರಣ ಇರಬೇಕು, ಆ ಕಾರಣವನ್ನು ಕೇಸ್ ಡೈರಿಯಲ್ಲಿ ಮೊದಲೇ ಬರೆದಿರಬೇಕು. ಆ ಬರಹದ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರಿಂದ ಅದರ ನಕಲು ಬಿಟ್ಟಿಯಾಗಿ ಸಿಗಬೇಕು. ಈ ನಕಲಿಗೆ ಅರ್ಜಿ ಹಾಕುವವರೇ ಕಡಿಮೆ. ಹಾಕಿ. 48 ಗಂಟೆಯಲ್ಲಿ ಏನೂ ಹೋಗಿಲ್ಲ ಅಂತ ಗೊತ್ತಾದರೆ ಅದೇ ನಿಮ್ಮ ಕೈಗೆ ಸಿಕ್ಕ ದೊಡ್ಡ ವಿಷಯ.

ಇನ್ನು ರಸ್ತೆಯಲ್ಲಿ, ನಾಕಾಬಂದಿಯಲ್ಲಿ ನಿಲ್ಲಿಸಿ "ವಾಟ್ಸಾಪ್ ತೆಗಿ ನೋಡೋಣ" ಅನ್ನುವುದು. ಫೋನ್ ತೆಗೆದುಕೊಳ್ಳುವುದು ಬೇರೆ, ಅದರ ಒಳಗೆ ನೋಡುವುದು ಬೇರೆ. ಇದೊಂದು ವ್ಯತ್ಯಾಸ ತಲೆಯಲ್ಲಿರಲಿ. ಕದ್ದ ಮಾಲು ಅಂತಲೋ ಅಪರಾಧಕ್ಕೆ ಸಂಬಂಧ ಇದೆ ಅಂತಲೋ ಅನುಮಾನ ಬಂದರೆ 106ನೇ ಕಲಂನಲ್ಲಿ ವಸ್ತುವನ್ನು ಜಪ್ತಿ ಮಾಡುವ ಅಧಿಕಾರ ಪೊಲೀಸರಿಗಿದೆ. ಆದರೆ ಜಪ್ತಿ ಮಾಡುವ ಅಧಿಕಾರ ಇದೆ ಅಂತ ನಿಮ್ಮ ಚಾಟು, ಗ್ಯಾಲರಿ ಎಲ್ಲ ತಿರುವಿಹಾಕುವ ಅಧಿಕಾರ ತಾನಾಗಿ ಬರುವುದಿಲ್ಲ. ಕದ್ದ ಫೋನಾ ಅಂತ ನೋಡಬೇಕಾದರೆ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್ ಸಾಕು, ಅದಕ್ಕೆ ವಾಟ್ಸಾಪ್ ಯಾಕೆ ಬೇಕು? "ಸಾರ್, ಐಎಂಇಐ ತೋರಿಸ್ತೀನಿ. ಒಳಗೆ ನೋಡಬೇಕಂದ್ರೆ ಯಾವ ಕೇಸು ಅಂತ ಹೇಳಿ, ನೋಟಿಸ್ ಕೊಡಿ, ಠಾಣೆಗೆ ಬರ್ತೀನಿ" ಅನ್ನಿ. ರಾತ್ರಿ ಹನ್ನೊಂದು ಗಂಟೆಗೆ ಮೂರು ಜನ ಸುತ್ತ ನಿಂತಿರುವಾಗ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಹೇಳಲು ಆಗದೆ ತೋರಿಸಿದ್ದರೆ, ಮನೆಗೆ ಬಂದ ಮೇಲೆ ಜಾಗ, ಸಮಯ, ಜೀಪಿನ ನಂಬರ್, ಏನೇನು ತೆರೆದು ನೋಡಿದರು ಅಂತ ಅವತ್ತೇ ಬರೆದಿಡಿ.

ಮಾದಕ ವಸ್ತು ಕಾಯ್ದೆಯ ಕೇಸುಗಳಲ್ಲಿ ಇನ್ನೊಂದು ನಿಯಮ ಇದೆ. ನಿಮ್ಮ ಮೈ ತಪಾಸಣೆ ಮಾಡಬೇಕಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ ಅಂತ ಅವರೇ ಹೇಳಬೇಕು. ಕೈಯಲ್ಲಿರುವ ಬ್ಯಾಗಿಗೆ ಇದು ಅನ್ವಯಿಸುವುದಿಲ್ಲ, ಮೈಗೆ ಮಾತ್ರ. ಹೆಂಗಸರ ಮೈ ತಪಾಸಣೆಯನ್ನು ಯಾವ ಕೇಸಿನಲ್ಲೇ ಆಗಲಿ ಹೆಂಗಸರೇ ಮಾಡಬೇಕು.

ಶೋಧ ನಡೆಯುವಾಗ ಕಣ್ಣು ಎಲ್ಲಿರಬೇಕು

ನೀವು ಅಲ್ಲೇ ಇರಬಹುದು. "ಹೊರಗೆ ನಿಂತ್ಕೊಳ್ಳಿ" ಅಂದರೆ, "ಸಾರ್, ಮನೆಯವರು ಇರಬಹುದು ಅಂತ ಕಾನೂನಲ್ಲೇ ಇದೆ, ಮೂಲೆಯಲ್ಲಿ ನಿಂತಿರ್ತೀನಿ, ಅಡ್ಡ ಬರಲ್ಲ" ಅನ್ನಿ.

ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗಿ ನಿಲ್ಲುವವರು ಯಾರು ನೋಡಿ. ಆ ಬಡಾವಣೆಯ, ಕೇಸಿಗೆ ಸಂಬಂಧವಿಲ್ಲದ, ಕನಿಷ್ಠ ಇಬ್ಬರು ಇರಬೇಕು. ನಮ್ಮಲ್ಲಿ ನಡೆಯುವುದು ಬೇರೆಯೇ. ಪೊಲೀಸರ ಜೊತೆಗೇ ಜೀಪಿನಲ್ಲಿ ಇಳಿದವರು, ಠಾಣೆ ಎದುರಿನ ಟೀ ಅಂಗಡಿಯವರು, ಹತ್ತು ಕೇಸಿಗೆ ಸಹಿ ಹಾಕಿದ ಕಾಯಂ ಪಂಚರು. ಹಾಗೇನಾದರೂ ಕಂಡರೆ ಅಲ್ಲಿ ವಾದ ಮಾಡಬೇಡಿ, ಹೆಸರು ಕೇಳಿ ನೆನಪಿಟ್ಟುಕೊಳ್ಳಿ, ಮುಂದೆ ಪಾಟೀಸವಾಲಿನಲ್ಲಿ ವಕೀಲರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಪಕ್ಕದ ಮನೆಯವರನ್ನು ಪಂಚರಾಗಿ ಕರೆಯಿರಿ ಅಂತ ನೀವೇ ಹೇಳಬಹುದು. ಪಕ್ಕದ ಮನೆಯವರು ಬರಲ್ಲ ಅನ್ನುತ್ತಾರೆ, ಅದು ಬೇರೆ ಮಾತು.

ಹೊಸ ಕಾನೂನಿನ 105ನೇ ಕಲಂ ಬಂದ ಮೇಲೆ ಒಂದು ಒಳ್ಳೆಯ ಬದಲಾವಣೆ ಆಗಿದೆ. ಶೋಧ, ಜಪ್ತಿ, ಪಟ್ಟಿ ಬರೆಯುವುದು, ಪಂಚರ ಸಹಿ ಹಾಕಿಸುವುದು ಇಷ್ಟನ್ನೂ ಪೊಲೀಸರು ಆಡಿಯೋ ವಿಡಿಯೋ ಮಾಡಬೇಕು, ಮೊಬೈಲಿನಲ್ಲಿ ಮಾಡಿದರೂ ಆಯಿತು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹಾಗಾಗಿ ಶುರುವಿನಲ್ಲೇ "ವಿಡಿಯೋ ಆನ್ ಆಗಿದೆಯಾ ಸಾರ್?" ಅಂತ ಕೇಳಿ. ಆನ್ ಆಗಿದ್ದರೆ ನಿಮ್ಮ ಮಾತೂ ಅದರಲ್ಲಿ ದಾಖಲಾಗುತ್ತದೆ. "ಈ ಟ್ಯಾಬ್ ಮಗಳ ಶಾಲೆಯದ್ದು", "ಈ ಲ್ಯಾಪ್‌ಟಾಪ್ ಕಂಪನಿಯದ್ದು, ನನ್ನದಲ್ಲ" ಅನ್ನುವುದನ್ನೆಲ್ಲ ಅಲ್ಲೇ ಜೋರಾಗಿ ಹೇಳಿ. ಆಫ್ ಇದ್ದರೆ ನೀವು ಕೇಳಿದ್ದಕ್ಕಾದರೂ ಆನ್ ಮಾಡಬಹುದು.

ಈಗ ಹೈಕೋರ್ಟ್ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಕಂಪ್ಯೂಟರ್, ಫೋನ್ ಜಪ್ತಿ ಮಾಡುವಾಗ ಹೇಗೆ ಮಾಡಬೇಕು ಅಂತ ಪೊಲೀಸರಿಗೆ ಪಾಠ ಹೇಳಿಕೊಟ್ಟ ಹಾಗೆ ಬರೆದಿದ್ದಾರೆ. ಸರ್ಕಾರ ಸರಿಯಾದ ನಿಯಮ ಮಾಡುವ ತನಕ ಇದನ್ನೇ ಪಾಲಿಸಿ ಅನ್ನುವ ಧಾಟಿ. ಶೋಧದ ತಂಡದ ಜೊತೆ ಫೊರೆನ್ಸಿಕ್ ತಿಳಿದವರು ಇರಬೇಕು. ಅವರಿಲ್ಲದೆ ತನಿಖಾಧಿಕಾರಿ ತಾನೇ ಕಂಪ್ಯೂಟರ್ ಮುಂದೆ ಕೂತು ಫೈಲ್ ಹುಡುಕಬಾರದು. ಮುಟ್ಟುವ ಮುಂಚೆ ಕಂಪ್ಯೂಟರ್ ಇದ್ದ ಜಾಗ, ಹಿಂದೆ ಮುಂದೆ, ಸಿಕ್ಕಿಸಿದ ವೈರು ಎಲ್ಲ ಫೋಟೋ ತೆಗೆಯಬೇಕು. ಆಫ್ ಆಗಿದ್ದರೆ ಆನ್ ಮಾಡಬಾರದು. ಆನ್ ಇದ್ದರೆ ಪರದೆಯ ಮೇಲೆ ಕಾಣುವುದನ್ನು ಫೋಟೋ ಹಿಡಿಯಬೇಕು. ಫೋನಾದರೆ ನೆಟ್‌ವರ್ಕ್ ತಾಗದ ಹಾಗೆ ಫ್ಯಾರಡೇ ಬ್ಯಾಗಿನಲ್ಲಿ ಹಾಕಬೇಕು. ಇದು ಸಿಗ್ನಲ್ ಒಳಗೂ ಬಿಡದ, ಹೊರಗೂ ಬಿಡದ ಒಂದು ಚೀಲ. ಸಿಮ್ ತೆಗೆದು ಬೇರೆ ಪ್ಯಾಕ್ ಮಾಡಬೇಕು, ಬ್ಯಾಟರಿ ಪೂರ್ತಿ ಇಳಿಯದ ಹಾಗೆ ಚಾರ್ಜ್ ನೋಡಿಕೊಳ್ಳಬೇಕು.

ಫ್ಯಾರಡೇ ಬ್ಯಾಗಿನ ಮಾತು ಓದುವಾಗ ನನಗೆ ನಗು ಬಂತು, ಯಾಕೆಂದರೆ ನಮ್ಮ ಹುಡುಗನ ಫೋನ್ ಹೋದದ್ದು ಅವನದೇ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ. ಆದರೆ ನಗುವಷ್ಟಕ್ಕೆ ಬಿಡಬೇಡಿ. ಇದರ ಹಿಂದೆ ಕಾರಣ ಇದೆ. ಜಪ್ತಿ ಆದ ಮೇಲೆ ಫೋನ್ ಆನ್ ಮಾಡಿದರೆ ಹೊಸ ಮೆಸೇಜ್ ಬರುತ್ತದೆ, ಆಪ್ ಅಪ್‌ಡೇಟ್ ಆಗುತ್ತದೆ, ಫೈಲಿನ ಸಮಯ ಬದಲಾಗುತ್ತದೆ. ಆಮೇಲೆ ಅದರಲ್ಲಿ ಯಾವುದು ನಿಮ್ಮದು, ಯಾವುದು ಠಾಣೆಯಲ್ಲಿ ಸೇರಿದ್ದು ಅಂತ ಹೇಳುವವರು ಯಾರು? ಅದಕ್ಕೇ ಹ್ಯಾಶ್ ವ್ಯಾಲ್ಯೂ ಅನ್ನುವುದೊಂದು ಇದೆ. ಒಂದು ಹಾರ್ಡ್ ಡಿಸ್ಕಿನಲ್ಲಿ ಇರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಉದ್ದನೆಯ ಗುರುತು ಸಂಖ್ಯೆ ಅದು. ಒಳಗೆ ಒಂದು ಅಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ ಸರ್ಟಿಫಿಕೇಟಿನ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗ ಇದೆ. "ಹ್ಯಾಶ್ ವ್ಯಾಲ್ಯೂ ಮಹಜರಿನಲ್ಲಿ ಬರೆದುಕೊಳ್ಳಿ ಸಾರ್" ಅಂತ ಕೇಳಿ, ಮಹಜರು ಅಂದರೆ ಶೋಧ, ಜಪ್ತಿಯ ವಿವರ ಬರೆದು ಸಹಿ ಹಾಕಿಸುವ ದಾಖಲೆ. ಸ್ಥಳದಲ್ಲೇ ತೆಗೆಯುವ ಸಲಕರಣೆ ಅವರ ಹತ್ತಿರ ಇರುವುದು ಕಷ್ಟ, ಬರೆಯಲಿಕ್ಕಿಲ್ಲ. ಹಾಗಿದ್ದರೆ ಕನಿಷ್ಠ ಫೋನನ್ನು ಸ್ವಿಚ್ ಆಫ್ ಮಾಡಿ, ಕವರಿಗೆ ಹಾಕಿ, ನಿಮ್ಮ ಮತ್ತು ಪಂಚರ ಸಹಿ ಇರುವ ಚೀಟಿ ಅಂಟಿಸಿ ಸೀಲ್ ಮಾಡುವ ತನಕ ಕಣ್ಣು ತೆಗೆಯಬೇಡಿ.

ಮಹಜರಿಗೆ ಸಹಿ ಹಾಕುವ ಮುಂಚೆ

ಮಹಜರು ಅನ್ನಿ, ಉತ್ತರ ಕರ್ನಾಟಕದ ಕಡೆಯ ಹಾಗೆ ಪಂಚನಾಮೆ ಅನ್ನಿ, ಈ ಇಡೀ ವ್ಯವಹಾರದ ಜೀವ ಇರುವುದು ಆ ಎರಡು ಮೂರು ಹಾಳೆಯಲ್ಲಿ. ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಯಾರು ಎಷ್ಟೇ ಗದರಿದರೂ ಬೇಡ.

"ಒಂದು ಕಪ್ಪು ಬಣ್ಣದ ಮೊಬೈಲ್" ಅಂತ ಬರೆದಿದ್ದರೆ ಸಾಲದು. ಕಂಪನಿ, ಮಾಡೆಲ್, ಐಎಂಇಐ ನಂಬರ್ ಎರಡೂ, ಸಿಮ್ ನಂಬರ್, ಮೆಮೊರಿ ಕಾರ್ಡ್ ಇದ್ದರೆ ಅದು, ಗಾಜು ಒಡೆದಿದ್ದರೆ ಅದೂ ಸಹ. ಲ್ಯಾಪ್‌ಟಾಪಿಗೆ ಸೀರಿಯಲ್ ನಂಬರ್. ಆನ್ ಇತ್ತಾ ಆಫ್ ಇತ್ತಾ. ಸಮಯ ಎಷ್ಟು, ಶೋಧ ಶುರುವಾಗಿದ್ದು ಮುಗಿದಿದ್ದು. ಪಾಸ್‌ವರ್ಡ್ ಕೇಳಿದರು ಅಂದರೆ ಕೇಳಿದರು ಅಂತ, ನೀವು ಕೊಟ್ಟಿದ್ದರೆ ಕೊಟ್ಟೆ ಅಂತ, ಕೊಡದಿದ್ದರೆ ವಕೀಲರನ್ನು ಕೇಳಿ ಹೇಳುತ್ತೇನೆ ಅಂದೆ ಅಂತ ಬರೆಸಿ. ಬಾಯಲ್ಲಿ ಹೇಳಿದ ಪಾಸ್‌ವರ್ಡಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ, ನೀವು ಒಪ್ಪಿ ಕೊಟ್ಟಿರೋ ಹೆದರಿಸಿ ತೆಗೆದುಕೊಂಡರೋ ಅನ್ನುವುದು ಅವರ ಮಾತು ನಿಮ್ಮ ಮಾತಿನ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಬರೆದದ್ದು ತಪ್ಪಾಗಿದ್ದರೆ ಸಹಿಯ ಪಕ್ಕದಲ್ಲೇ ಒಂದು ಸಾಲು ನಿಮ್ಮ ಕೈಯಲ್ಲೇ ಬರೆಯಿರಿ: "ಎರಡು ಫೋನ್ ತೆಗೆದುಕೊಂಡಿದ್ದಾರೆ, ಒಂದೇ ಬರೆದಿದ್ದಾರೆ."

ಪಟ್ಟಿಯ ಪ್ರತಿ ಕೊಡುವುದು ಅವರು ಮಾಡುವ ಉಪಕಾರ ಏನಲ್ಲ, 103ನೇ ಕಲಂನಲ್ಲಿ ಕೊಡಬೇಕು ಅಂತಲೇ ಇದೆ. "ಠಾಣೆಗೆ ಬನ್ನಿ ಕೊಡ್ತೀವಿ" ಅಂದರೆ ಅವತ್ತೇ ಹೋಗಿ. ಹೋದಾಗ ಪಿ.ಎಫ್. ನಂಬರ್ ಕೇಳಿ. ಜಪ್ತಿ ಮಾಲನ್ನು ಠಾಣೆಯ ಲೆಕ್ಕಕ್ಕೆ ಸೇರಿಸಿ ಕೋರ್ಟಿಗೆ ತಿಳಿಸುವ ಫಾರಂ ಅದು. ಕ್ರೈಂ ನಂಬರ್, ಪಿ.ಎಫ್. ನಂಬರ್, ಮಹಜರಿನ ಪ್ರತಿ, ಈ ಮೂರು ನಿಮ್ಮ ಕೈಯಲ್ಲಿದ್ದರೆ ನಿಮ್ಮ ಫೋನು ಕಾಗದದ ಮೇಲೆ ಬದುಕಿದೆ ಅಂತ ಅರ್ಥ.

ಕೊಡಲೇ ಇಲ್ಲವೇ? ಮನೆಗೆ ಬಂದು ಒಂದು ಪತ್ರ ಬರೆಯಿರಿ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರು ಬಂದು ಇಂಥ ವಸ್ತು ತೆಗೆದುಕೊಂಡು ಹೋದರು, ರಸೀದಿ ಕೊಟ್ಟಿಲ್ಲ, ದಯವಿಟ್ಟು ಕೊಡಿ. ಬೈಗುಳ ಬೇಡ, ಆರೋಪ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಠಾಣಾಧಿಕಾರಿಗೆ ಒಂದು, ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಒಂದು. ಅಂಚೆ ರಸೀದಿ ಜೋಪಾನ. ಕಾಗದ ಅವರು ಕೊಡದಿದ್ದರೆ ನೀವು ಹುಟ್ಟಿಸಬೇಕು.

ಫೋನ್ ಹೋದ ಮೇಲೆ

ಒಂದು ತಪ್ಪು ಮಾತ್ರ ಮಾಡಬೇಡಿ. ಬೇರೆ ಫೋನಿನಿಂದ ಲಾಗಿನ್ ಆಗಿ ಜಪ್ತಿಯಾದ ಫೋನಿನ ಡೇಟಾ ಅಳಿಸುವುದು, ಡ್ರೈವ್ ಖಾಲಿ ಮಾಡುವುದು, ಚಾಟ್ ಡಿಲೀಟ್ ಮಾಡುವುದು. ಮೂಲ ಕೇಸಿನಲ್ಲಿ ನೀವು ಏನೂ ಮಾಡಿರದಿದ್ದರೂ ಸಾಕ್ಷ್ಯ ನಾಶದ ಕೇಸು ನಿಮ್ಮ ತಲೆ ಮೇಲೆ ಬರುತ್ತದೆ. ಬ್ಯಾಂಕ್ ಮತ್ತು ಯುಪಿಐ ಪಿನ್ ಬದಲಾಯಿಸಿಕೊಳ್ಳಿ, ಬ್ಯಾಂಕಿಗೆ ತಿಳಿಸಿ. ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಳ್ಳುವ ಮುಂಚೆ ತನಿಖಾಧಿಕಾರಿಗೆ ಬರಹದಲ್ಲಿ ಹೇಳಿಬಿಡಿ.

ನಿಮ್ಮ ಫೋನಿನಲ್ಲಿ ಇದ್ದದ್ದು ಟಿವಿಯಲ್ಲಿ ಬಂತು, ಊರೆಲ್ಲ ವಾಟ್ಸಾಪಿನಲ್ಲಿ ಹರಿದಾಡಿತು ಅಂದರೆ ಆಗ ತೀರ್ಪಿನ ಇನ್ನೊಂದು ಸಾಲು ನೆನಪಿಡಿ. ತನಿಖೆಗಾಗಿ ನೋಡುವುದಕ್ಕೆ ಖಾಸಗಿತನದ ಹಕ್ಕು ಅಡ್ಡಿಯಾಗದು, ಆದರೆ ಕೋರ್ಟಿನ ಲಿಖಿತ ಅನುಮತಿ ಇಲ್ಲದೆ ಅದನ್ನು ಮೂರನೆಯವರಿಗೆ ಕೊಡುವ ಹಾಗಿಲ್ಲ. ಕೊಟ್ಟರೆ ಆ ಅಧಿಕಾರಿಯ ಮೇಲೆ ಕರ್ತವ್ಯಲೋಪದ ಕ್ರಮ ಆಗಬೇಕು. ಸಿನಿಮಾದವರ ಫೋನಿನ ಚಾಟುಗಳನ್ನು ದಿನವಿಡೀ ಪರದೆಯ ಮೇಲೆ ತೋರಿಸಿದ ಕಾಲವನ್ನು ನೋಡಿದವರಿಗೆ ಈ ಸಾಲಿನ ಬೆಲೆ ಗೊತ್ತು.

ವಾಪಸ್ ಪಡೆಯುವುದು ಹೇಗೆ? ಠಾಣೆಗೆ ಅಲೆಯಬೇಡಿ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಕೀಲರ ಮೂಲಕ ಅರ್ಜಿ ಹಾಕಿ, ಹೊಸ ಸಂಹಿತೆಯ 503 ಅಥವಾ ವಿಚಾರಣೆ ನಡೆಯುತ್ತಿದ್ದರೆ 497ನೇ ಕಲಂ, ಹಳೆಯ ವಕೀಲರು ಇನ್ನೂ 457, 451 ಅಂತಲೇ ಅನ್ನುತ್ತಾರೆ. ಬಿಲ್ಲು, ಡಬ್ಬದ ಮೇಲಿನ ಐಎಂಇಐ, ಜೊತೆಗೆ ಆಧಾರ್ ಇಡಿ. ಬಿಲ್ ಇಲ್ಲದಿದ್ದರೆ ಕೊಂಡ ಅಂಗಡಿಯಿಂದ ಮತ್ತೆ ತೆಗೆಸಿ. ಕೋರ್ಟ್ ಬಾಂಡ್, ಶ್ಯೂರಿಟಿ ಕೇಳಿ, ಬೇಕೆಂದಾಗ ತಂದು ಹಾಜರುಪಡಿಸಬೇಕು ಅಂತ ಷರತ್ತು ಹಾಕಿ ಬಿಡಬಹುದು. ಜಪ್ತಿ ಮಾಲನ್ನು ಠಾಣೆಯಲ್ಲಿ ಬೇಕಾಬಿಟ್ಟಿ ಕೊಳೆಯಲು ಬಿಡಬಾರದು, ಫೋಟೋ ಮತ್ತು ಮಹಜರು ಇಟ್ಟುಕೊಂಡು ಬಿಟ್ಟುಕೊಡಬಹುದು ಅಂತ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೆ ಫೋನು ವಾಹನದ ಹಾಗಲ್ಲ, ಒಳಗಿನ ಡೇಟಾನೇ ಸಾಕ್ಷ್ಯ ಆಗಿದ್ದರೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರುವ ತನಕ ಬಿಡುವುದು ಕಷ್ಟ. ಅಂಥ ಕಡೆ, ಕೆಲಸದ ಫೈಲು, ಜಿಎಸ್‌ಟಿ ಲೆಕ್ಕ, ಮಕ್ಕಳ ಫೋಟೋ ಇವುಗಳ ನಕಲನ್ನಾದರೂ ಕೊಡಿಸಿ ಅಂತ ಕೇಳಿ. ಕೊಟ್ಟೇ ಕೊಡುತ್ತಾರೆ ಅಂತಲ್ಲ, ಕೇಳುವುದಕ್ಕೆ ಅಡ್ಡಿಯಿಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಅಧಿಕಾರಿಯ ನಡತೆಯ ಮೇಲೆ ದೂರಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಇದೆ. ದೊಡ್ಡ ಅನ್ಯಾಯ ಅನಿಸಿದರೆ ಹೈಕೋರ್ಟಿನಲ್ಲಿ ರಿಟ್, ಬೆಂಗಳೂರಿಗೇ ಬರಬೇಕು ಅಂತಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠ ಇದೆ.

ಕೊನೆಗೆ ಒಂದು ಕಹಿ ಮಾತು. ಶೋಧದಲ್ಲಿ ನಿಯಮ ಮುರಿದರು ಅಂತ ಇಡೀ ಕೇಸು ಬಿದ್ದು ಹೋಗುವುದಿಲ್ಲ. ಸಿಕ್ಕಿದ ವಸ್ತು ಕೇಸಿಗೆ ಸಂಬಂಧಪಟ್ಟಿದ್ದರೆ, ಶೋಧ ಸರಿಯಾಗಿ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ ಅಂತ 1973ರ ಪೂರನ್ ಮಲ್ ತೀರ್ಪಿನಿಂದ ನಮ್ಮಲ್ಲಿ ನಡೆದು ಬಂದಿದೆ. ಆದರೆ ಸೀಲ್ ಇಲ್ಲದ ಫೋನು, ಹ್ಯಾಶ್ ಇಲ್ಲದ ಡೇಟಾ, ಜೀಪಿನಲ್ಲಿ ಬಂದ ಪಂಚರು, ತೆಗೆಯದ ವಿಡಿಯೋ ಇವೆಲ್ಲ ಸೇರಿದಾಗ ಆ ಸಾಕ್ಷ್ಯದ ತೂಕ ಇಳಿಯುತ್ತದೆ. ಫೋನಿನಲ್ಲಿ ಏನೋ ಸಿಕ್ಕಿತು ಅಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ, ಅದನ್ನು ಸಾಕ್ಷ್ಯದ ನಿಯಮದ ಪ್ರಕಾರ ರುಜುವಾತು ಮಾಡಲೇಬೇಕು ಅಂತ ನಮ್ಮ ಹೈಕೋರ್ಟ್ ಕೂಡ ಹೇಳಿದೆ.

ನಮ್ಮ ಹುಡುಗನ ಲ್ಯಾಪ್‌ಟಾಪು ಆರನೇ ತಿಂಗಳಲ್ಲಿ ಬಂತು, ಬ್ಯಾಟರಿ ಉಬ್ಬಿತ್ತು. ಒಂದು ಫೋನೂ ಬಂತು. ಇನ್ನೊಂದು ಇವತ್ತಿಗೂ ಇಲ್ಲ. ಅವನು ಕೊನೆಗೆ ಹಳೆಯ ಡಬ್ಬ ಹುಡುಕಿ ಐಎಂಇಐ ಬರೆದು ಎಸ್‌ಪಿ ಕಚೇರಿಗೆ ಪತ್ರ ಹಾಕಿದ್ದಾನೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಒಳಮುಚ್ಚಳದ ಮೇಲೆ ಅವನ ಎಲ್ಲ ಸಾಧನಗಳ ಐಎಂಇಐ, ಸೀರಿಯಲ್ ನಂಬರ್ ಅಂಟಿಸಿದ್ದಾನೆ, ಕೆಳಗೆ ವಕೀಲರ ನಂಬರೂ ಇದೆ.